ಪೂಜೆಗೆ ಇಡದ ಇ-ರೀಡರ್

ದಟ್ಟಗಳ್ಳಿಯ ಮನೆಗೆ ಅಂಗೈಯಗಲದ ಇ-ರೀಡರ್ ತಂದಾಗ ಅದರಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಬಿಡುವವಳಲ್ಲ ನಾನು. ಕನ್ನಡದ ಫಾಂಟ್ ಹಾಕಿ, ನನ್ನ ಕಣ್ಣಿಗೆ ಒಗ್ಗುವಷ್ಟು ಅಕ್ಷರ ದಪ್ಪ ಮಾಡಿ, ಸಾಲುಗಳ ನಡುವೆ ಜಾಗ ಹೆಚ್ಚಿಸಿದೆ. ಅತ್ತೆಯದು ಮಾತ್ರ ಒಂದೇ ಮಾತು: “ಯಾವಾಗ್ ನೋಡಿದ್ರೂ ಮೊಬೈಲು.” ಪುಸ್ತಕ ಓದುತ್ತಿದ್ದೇನೆ ಎಂದರೂ ನಂಬಲಿಲ್ಲ.

ದಸರೆಯಲ್ಲಿ ಸರಸ್ವತಿ ಪೂಜೆ ಬಂತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಓದುವಂತಿಲ್ಲ. ಇದ್ದಬದ್ದ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಜೋಡಿಸಿ ಅತ್ತೆ ನನ್ನತ್ತ ಕೈ ಚಾಚಿದರು.

“ಅದನ್ನೂ ಕೊಡಮ್ಮ. ಅದೂ ಪುಸ್ತಕ ತಾನೇ?”

“ಮೊಬೈಲು ಅಂತ ನೀವೇ ಹೇಳ್ತಿದ್ರಲ್ಲ ಅತ್ತೆ,” ಎಂದೆ. “ನಿಮ್ಮ ಮಗ ಮೊದ್ಲು ಫೋನ್ ಇಡ್ಲಿ, ಆಮೇಲೆ ಇದನ್ನೂ ಇಡ್ತೀನಿ.”

ಸೋಫಾದಲ್ಲಿದ್ದ ಗಂಡ ಫೋನನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ನಾನು ಮುಂದಿನ ಪುಟಕ್ಕೆ ಹೋದೆ.