ಜೋಗಮ್ಮ ಆಡಿ ಅತ್ತದ್ದು

ಪಾಮನಕಲ್ಲೂರಿನ ಜೋಗಮ್ಮನಷ್ಟು ಚೆಂದ ಆಡ್ಯಾಡಿ ಅಳುವವರು ಮಸ್ಕಿ ಸೀಮೆಯಲ್ಲೇ ಇಲ್ಲ. ಹೊಗಳಿಕೆ ಅಂತ ತಿಳಿಯಬೇಡಿ, ಇದ್ದದ್ದು ಹೇಳಿದೆ. ಹೆಣದ ಮುಂದೆ ಕೂತು, ಸತ್ತವರ ಬದುಕನ್ನೆಲ್ಲ ರಾಗದಲ್ಲಿ ಬಿಚ್ಚಿದಳೆಂದರೆ ಕಲ್ಲೆದೆಯ ಗಂಡಸರೂ ಹೆಗಲ ಟವೆಲ್ಲಿಗೆ ಕೈ ಹಾಕುತ್ತಿದ್ದರು. ಮುಕ್ಕುಂದದ ಗದ್ದೆಯಲ್ಲಿ ದಿನವಿಡೀ ನಾಟಿ ಮಾಡಿ ಸೊಂಟ ಬಿದ್ದುಹೋಗಿದ್ದರೂ, ಸುದ್ದಿ ಬಂದ ಊರಿಗೆ ಹೋಗಿ ಅತ್ತು ಬರುವಳು. ಅಳುವಾಗ ಯಾರ ಮನೆಯ ಗುಟ್ಟು ಹೊರಬಿದ್ದರೂ ತಪ್ಪಿಲ್ಲ. ಮಣ್ಣು ಮಾಡಿ ಬಂದು ಮೈ ತೊಳೆದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವುದಿಲ್ಲ. ಅದು ಅವರ ಕಡೆಯ ರಿವಾಜು.

ಹೋದ ಬೇಸಿಗೆ ಸಾಲಗುಂದದಲ್ಲಿ ಅಕ್ಕ ಆದಮ್ಮ ತೀರಿಕೊಂಡಾಗ ಜೋಗಮ್ಮ ತನ್ನದೇ ಗುಟ್ಟನ್ನು ಆಡಿ ಅತ್ತಳು. "ನನ್ನ ಹೊಟ್ಯಾಗ ಹುಟ್ಟಿದ ಕೂಸಿನ್ನ ನಿನ್ನ ಉಡ್ಯಾಗ ಹಾಕಿದ್ನಲ್ಲ ಯಕ್ಕಾ, ಈಗ ಆಕೀನ ಯಾರ ಉಡ್ಯಾಗ ಹಾಕಿ ಹೊಂಟಿ" ಅಂತ. ಆದಮ್ಮನ ಮಗಳು ಪದ್ಮಾವತಿ ಹುಟ್ಟಿದ್ದು ಜೋಗಮ್ಮನ ಹೊಟ್ಟೆಯಲ್ಲಿ. ಮಕ್ಕಳಿಲ್ಲದ ಅಕ್ಕನಿಗೆ ತನ್ನ ಮೂರನೆಯ ಕೂಸನ್ನು ಕೊಟ್ಟು ಬಾಯಿ ಹೊಲಿದುಕೊಂಡಿದ್ದಳು. ಊರಿಗೆಲ್ಲ ಗೊತ್ತು, ಪದ್ಮಾವತಿಯೊಬ್ಬಳಿಗೆ ಗೊತ್ತಿಲ್ಲ. ಅವಳು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆ ಸಿಗದೆ ಮಣ್ಣಿಗೂ ಬಂದಿರಲಿಲ್ಲ.

ಅಲ್ಲಿದ್ದ ಯಾರೋ ಒಬ್ಬ ಮಹಾಶಯ ಆ ಅಳುವನ್ನು ಫೋನಿನಲ್ಲಿ ಹಿಡಿದು, ಹೊರದೇಶದವರು ನಡೆಸುವ ಹಳ್ಳಿಹಾಡುಗಳ ಜಾಲತಾಣಕ್ಕೆ ಕಳಿಸಿಬಿಟ್ಟ. ಪಕ್ಕದ ಮನೆಯ ಭೀಮೇಶ ಮೇಷ್ಟ್ರು ತೋರಿಸಿದಾಗಲೇ ಜೋಗಮ್ಮನಿಗೆ ಗೊತ್ತಾದದ್ದು. ಹೆತ್ತವಳು ಯಾರೆಂಬುದು ಪದ್ಮಾವತಿಗೆ ಹೀಗೆ, ಯಾರೋ ಕಳಿಸಿದ ವಿಡಿಯೊದಿಂದ ತಿಳಿಯಬಾರದು. ಅಷ್ಟೇ ಅವಳ ಸಂಕಟ.

ಸಿಂಧನೂರಿನ ವಕೀಲೆ ರೇಣುಕಾದೇವಿ ಕೇಸು ಹಾಕಿದರು. ಮೂರು ತಿಂಗಳು ಓಡಾಡಿದ ಮೇಲೆ ಕೋರ್ಟಿನ ಆದೇಶ ಬಂತು, ಜಾಲತಾಣದವರೂ ತಕರಾರಿಲ್ಲದೆ ಒಪ್ಪಿದರು. ಭೀಮೇಶ ಫೋನು ಒತ್ತಿ ನೋಡಿದರೆ, ಈ ವಿಡಿಯೊ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಬಂತು. ಜೋಗಮ್ಮ ಬಾಳೆಹಣ್ಣು ಹಿಡಿದು ವಕೀಲರ ಆಫೀಸಿಗೆ ಹೋದಳು.

"ಛಲೋ ಆತ್ರೀ ಮೇಡಂ. ಮೈ ತೊಳಕೊಂಡಂಗಾತು. ಇನ್ನ ನಮ್ಮ ಪದ್ಮಿ ಕಣ್ಣಿಗೆ ಬೀಳಂಗಿಲ್ಲ."

"ಪದ್ಮಿ ಯಾವೂರಾಗ ಅದಾಳಮ್ಮ?"

"ಮಸ್ಕತ್ತಿನ್ಯಾಗ್ರೀ."

ಮಗಳು ಎಲ್ಲಿದ್ದಾಳೆಂದು ಇವಳು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ರೇಣುಕಾದೇವಿ ಪೆನ್ನು ಕೆಳಗಿಟ್ಟರು. "ಅಲ್ಲಿ ಕಾಣತೈತಮ್ಮ. ನಮ್ಮ ಕೋರ್ಟ್ ಹೇಳೇತಂತ ಅವರು ಭಾರತದಾಗ ಅಷ್ಟ ಮುಚ್ಯಾರ. ಮಸ್ಕತ್ತಿನ ಕಾನೂನು ಬ್ಯಾರೆ, ಜಾಲತಾಣ ಇರೋ ದೇಶದ್ದು ಬ್ಯಾರೆ. ಎಲ್ಲಾ ಕಡೆ ತಗಸಬೇಕಂದ್ರ ಮತ್ತ ಹೊಡದಾಡಬೇಕು. ವರ್ಷಗಟ್ಟಲೆ ಹಿಡೀತೈತಿ."

ಇಡೀ ದೇಶದ ಕಣ್ಣಿಗೆ ಮರೆಯಾದದ್ದು, ಯಾರ ಕಣ್ಣಿಗೆ ಬೀಳಬಾರದೋ ಅವಳೊಬ್ಬಳಿಗೆ ತೆರೆದೇ ಇತ್ತು. ಜೋಗಮ್ಮನಿಗೆ ಅಳು ಬರಲಿಲ್ಲ, ತನ್ನ ಮೇಲೇ ಸಿಟ್ಟು ಬಂತು. ಮೂರು ತಿಂಗಳು ಕೋರ್ಟಿನ ಬಾಗಿಲು ಕಾದವಳಿಗೆ ಒಂದು ಫೋನು ಮಾಡಲು ಎದೆ ಸಾಲಲಿಲ್ಲವಲ್ಲ! ಅಲ್ಲೇ ವಕೀಲರ ಬೆಂಚಿನ ಮೇಲೆ ಕೂತು ಮಸ್ಕತ್ತಿಗೆ ಫೋನು ಹಚ್ಚಿದಳು.

ಹತ್ತೂರಿನ ಹೆಣಗಳ ಮುಂದೆ ಎಡೆಬಿಡದೆ ಆಡಿದ ಬಾಯಿ ಅದು. ಬದುಕಿರುವ ಮಗಳ ಮುಂದೆ ಮಾತೇ ಹೊರಡಲಿಲ್ಲ. ಕೊನೆಗೆ ರಾಗವಿಲ್ಲದೆ, "ಪದ್ಮೀ, ನಿನ್ನ ಹಡದಾಕಿ ನಾನು" ಅಂದಳು. ವಿಡಿಯೊದ ವಿಷಯವನ್ನೂ ಮುಚ್ಚಿಡದೆ ಹೇಳಿದಳು.

ಹುಟ್ಟಿದಾಗಿನಿಂದ ಅವಳನ್ನು ಚಿಕ್ಕಮ್ಮ ಅಂತಲೇ ತಿಳಿದವಳು ಪದ್ಮಾವತಿ.

"ಇಷ್ಟ್ ದಿನ ಯಾಕ ಹೇಳಲಿಲ್ಲ ಚಿಗವ್ವಾ?"

"ಹೇಳಿದ್ರ ಅಕ್ಕಗ ನೀ ಅರ್ಧ ಮಗಳಾಗ್ತಿದ್ದಿ. ಕೊಟ್ಟ ಮ್ಯಾಲೆ ಪೂರಾ ಕೊಡಬೇಕಲ್ಲ."

ಪದ್ಮಾವತಿ ಬಿಕ್ಕಿದಳು. "ಆ ವಿಡಿಯೊ ನಾ ನೋಡಂಗಿಲ್ಲ. ನೀನ ಹೇಳಿದ್ಯಲ್ಲ, ಸಾಕು. ಆದ್ರ ಇನ್ನ ಮ್ಯಾಲೆ ನಿನ್ನ ಏನಂತ ಕರೀಲಿ?"

ಜೋಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಪ್ಪತ್ತೆಂಟು ವರ್ಷ ಅವ್ವ ಎಂಬ ಒಂದು ಕರೆಗಾಗಿ ಅವಳ ಕಿವಿ ಹಾತೊರೆದದ್ದು ದೇವರಿಗೇ ಗೊತ್ತು.

"ಚಿಗವ್ವ ಅಂತನ ಕರಿ, ಮಗಳ" ಅಂದಳು. "ಅವ್ವ ಅನ್ನೂದು ಅಕ್ಕಂದು. ಆಕಿ ಹೋದಳಂತ ಅದನ್ನ ನಾ ಕಸಗೊಳ್ಳಂಗಿಲ್ಲ."