ಕ್ಲಚ್ ಮೇಷ್ಟ್ರ ಎಡಗಾಲು

ಅವರಿಗೂ ಒಂದು ಹೆಸರಿತ್ತು, ಕರೆಯುವವರಿರಲಿಲ್ಲ ಅಷ್ಟೆ. ಎಲ್ಲರ ಬಾಯಲ್ಲೂ ಅವರು ಕ್ಲಚ್ ಮೇಷ್ಟ್ರು. ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಮೂವತ್ತೊಂದು ವರ್ಷ ಕೂತು, ತಮ್ಮ ಕಾಲಡಿಯ ಇನ್ನೊಂದು ಜೊತೆ ಪೆಡಲ್ ತುಳಿಯುತ್ತ, "ಕ್ಲಚ್! ಕ್ಲಚ್ ಒತ್ತಿ!" ಎಂದು ಕಿರುಚಿದ ಪುಣ್ಯಾತ್ಮರಿಗೆ ಬೇರೇನು ಹೆಸರು ಬಂದೀತು?

ಕ್ಲಚ್ ತುಳಿದೂ ತುಳಿದೂ ಈಗ ಎಡ ಮಂಡಿಯೇ ಕೈಕೊಟ್ಟಿತ್ತು. "ಕ್ಲಚ್ ಬಿಡಿ, ಇಲ್ಲಾ ಮಂಡಿ ಬಿಡಿ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಪಾಠದ ಹಳೆಯ ಕಾರೂ ಮೂಲೆ ಸೇರಿತ್ತು. ಹೊಸದು ಗೇರಿನದೋ, ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ಕೋ, ಸಂಜೆಯೊಳಗೆ ಶೋರೂಮಿಗೆ ಹೇಳಬೇಕು. ಗೇರಿನದಾದರೆ ವರ್ಷದೊಳಗೆ ಕೈಗೆ ಕೋಲು ಬರುತ್ತದೆ. ಆಟೊಮ್ಯಾಟಿಕ್ ಆದರೆ ಕಲಿಸುವುದಕ್ಕೆ ಏನು ಉಳಿಯಿತು, ಮಣ್ಣು? ಬೆಳಗಿನಿಂದ ಮೇಷ್ಟ್ರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಟೀ ಕುಡಿಯುವಾಗಲೂ ಮೇಜಿನ ಕೆಳಗೆ ಎಡಗಾಲು ತಾನಾಗಿಯೇ ಒತ್ತುತ್ತಿತ್ತು, ಬಿಡುತ್ತಿತ್ತು.

"ರೀ, ಆ ಕಾಲಿಗೆ ಸ್ವಲ್ಪ ಸುಮ್ನಿರೋಕೆ ಹೇಳಿ, ಟೀ ಚೆಲ್ತಿದೆ," ಎಂದಳು ಹೆಂಡತಿ. "ಹೋಗಿ ಒಂದ್ಸಲ ಓಡಿಸಿ ನೋಡಿ. ನಾನೂ ಬರ್ತೀನಿ."

"ಗೇರಿಲ್ಲದ್ದೂ ಒಂದು ಕಾರಾ? ಆಟದ ಸಾಮಾನು ಕಣೇ ಅದು."

ಆದರೂ ಹೋದರು. ಶೋರೂಮಿನಾಕೆ ಪಕ್ಕದಲ್ಲಿ ಕೂತು, "ಸರ್, ಇದರಲ್ಲಿ ಎಡಗಾಲಿಗೆ ಕೆಲಸ ಇಲ್ಲ. ಮಡಚಿ ಹಿಂದಕ್ಕೆ ಇಟ್ಕೊಳ್ಳಿ," ಎಂದಳು. ನನಗೇ ಪಾಠವೇ ಎಂದು ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲ ತಿರುವಿನಲ್ಲೇ ಎಡಗಾಲು ಹಳೆಯ ಚಾಳಿಯಂತೆ ಕ್ಲಚ್ ಹುಡುಕಿಕೊಂಡು ಹೋಗಿ, ಅಗಲವಾದ ಬ್ರೇಕನ್ನೇ ಕ್ಲಚ್ಚೆಂದು ತಿಳಿದು ಪೂರ್ತಿ ತುಳಿಯಿತು. ಕಾರು ಗಕ್ಕನೆ ನಿಂತಿತು. ಹಿಂದಿದ್ದ ವ್ಯಾನಿನವನು ಪಕ್ಕಕ್ಕೆ ಬಂದು, "ಏನ್ ಸ್ವಾಮಿ, ಮೊದ್ಲು ಡ್ರೈವಿಂಗ್ ಕಲ್ತ್ಕೊಂಡು ಬನ್ನಿ!" ಎಂದು ಹೊರಟೇ ಹೋದ.

ಮೇಷ್ಟ್ರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಹೇಗೋ ಕಾರನ್ನು ಶೋರೂಮಿನ ಹಿಂದಿನ ಖಾಲಿ ಅಂಗಳಕ್ಕೆ ತಂದು ನಿಲ್ಲಿಸಿದರು. ಶೋರೂಮಿನಾಕೆ ಇಳಿದು ಪಕ್ಕಕ್ಕೆ ನಿಂತಳು. "ಗೇರಿನದೇ ಇರಲಿ. ಮಂಡಿ ಹಾಳಾಗ್ಲಿ."

"ಸ್ವಲ್ಪ ಆ ಕಡೆ ಕೂತ್ಕೊಳ್ಳಿ," ಎಂದು ಹಿಂದಿನ ಸೀಟಿನಿಂದ ಇಳಿದು ಬಂದ ಹೆಂಡತಿ ಪರ್ಸಿನಿಂದ ಕಲಿಕಾ ಲೈಸೆನ್ಸ್ ತೆಗೆದಳು. ಹೋದ ತಿಂಗಳಿನದು. "ತಂಗಿಯ ಇಂಥದ್ದೇ ಕಾರಲ್ಲಿ ಎರಡು ಸಲ ಓಡ್ಸಿದೀನಿ. ನಿಮಗೆ ಹೇಳಲಿಲ್ಲ."

ಮೇಷ್ಟ್ರು ಲೈಸೆನ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೆ ನಾಲ್ಕು ದಿನ ಕಲಿಸಿದ್ದರು. ಏರಿನಲ್ಲಿ ಮೂರು ಸಲ ಇಂಜಿನ್ ಆಫಾದಾಗ, "ನಿನ್ನ ಹಣೇಲಿ ಡ್ರೈವಿಂಗ್ ಬರೆದಿಲ್ಲ" ಎಂದು ಬೀದಿಯಲ್ಲೇ ರೇಗಿದ್ದರು. ಅಂದು ಕೀಲಿ ಕೈಗಿಟ್ಟವಳು ಮತ್ತೆ ಕೇಳಿರಲಿಲ್ಲ.

ಅವಳು ಅಂಗಳ ಸುತ್ತಿದಳು. ಲಾರಿಯಿಂದ ಕಾರು ಇಳಿಸುವ ಇಳಿಜಾರನ್ನು ಹತ್ತಿ, ನಡುವೆ ನಿಲ್ಲಿಸಿ, ಒಂದು ಗೇಣೂ ಹಿಂದೆ ಸರಿಯದೆ ಮತ್ತೆ ಹೊರಟಳು. ಮೇಷ್ಟ್ರು ಕಿರುಚಲು ಬಾಯಿ ತೆರೆದರು. ಕಿರುಚುವುದಕ್ಕೆ ಏನೂ ಇರಲಿಲ್ಲ. ಇಷ್ಟು ವರ್ಷ ಇವಳನ್ನು ಬಿಸಿಲಲ್ಲಿ ಬಸ್ ಸ್ಟಾಪಿನಲ್ಲಿ ನಿಲ್ಲಿಸಿದೆನಲ್ಲ ಎಂದುಕೊಂಡರು. ಇವಳಂತೆ ಇನ್ನೆಷ್ಟು ಜನರನ್ನು ವಾಪಸು ಕಳಿಸಿದೆನೋ.

ಅವರ ಎಡಗಾಲು ಮಾತ್ರ ಇನ್ನೂ ನೆಲ ಒತ್ತುತ್ತಲೇ ಇತ್ತು.

"ರೀ, ಕಾಲು," ಎಂದಳು ಹೆಂಡತಿ, ಎದುರಿನಿಂದ ಕಣ್ಣು ತೆಗೆಯದೆ. "ಮಡಚಿ ಹಿಂದಕ್ಕೆ ಇಟ್ಕೊಳ್ಳಿ."

ಮೇಷ್ಟ್ರು ಇಟ್ಟುಕೊಂಡರು. ಕಾರು ನಿಂತ ಮೇಲೆ ಗಾಜು ಇಳಿಸಿ ಶೋರೂಮಿನಾಕೆಗೆ, "ಇದೇ ಇರಲಿ ಕಣಮ್ಮ," ಎಂದರು. ಹೆಂಡತಿಗೆ ಮುಖ ಕೊಡಲಾರದೆ ಕಿಟಕಿಯಾಚೆ ನೋಡುತ್ತ, "ನಾಳೆ ಬೆಳಿಗ್ಗೆ ಏಳಕ್ಕೆ ನನ್ನ ಮೊದಲ ಕ್ಲಾಸು. ನೀನು ಪಕ್ಕದಲ್ಲಿ ಕೂತ್ಕೋ. ಕಿರುಚಬೇಡ," ಎಂದರು.