ಕುರುಬನ ಹೆಗಲ ಮೇಲೆ

ಆಗ ನಾನು ಮುದ್ದೇಬಿಹಾಳ ತಾಲೂಕಿನಲ್ಲಿ ಸಿಡುಬಿಗೆ ದೇವಿ ಹಾಕುವ, ಅಂದರೆ ಲಸಿಕೆ ಚುಚ್ಚುವ, ಕೆಲಸದಲ್ಲಿದ್ದೆ. ನಾಲತವಾಡದ ಆಚೆ ಒಂದು ಹಳ್ಳಿಯಲ್ಲಿ ಸಿಡುಬು ಎದ್ದಿದೆಯೆಂದು ಸುದ್ದಿ ಬಂತು. ಹೊರಟರೆ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು. ನನಗೋ ಈಜು ಬಾರದು. ಔಷಧದ ಪೆಟ್ಟಿಗೆಯನ್ನು ಎದೆಗವಚಿಕೊಂಡು, "ಯೇಸುವೇ, ನಮ್ಮನ್ನು ಕಾಯುವ ಕುರುಬ ನೀನೇ, ಹೆಂಗಾದರೂ ದಾಟಿಸಪ್ಪಾ" ಎಂದು ಗಟ್ಟಿಯಾಗಿಯೇ ಬೇಡಿಕೊಂಡೆ.

"ಯಾವ ಊರ ಕುರುಬರ್ರಿ ಅವ್ರು?" ಎಂದು ಬೆನ್ನ ಹಿಂದೆ ದನಿ ಕೇಳಿಸಿತು. ತಿರುಗಿದರೆ ಬೀರಪ್ಪನೆಂಬ ಕುರುಬ. ಕುರಿಮರಿಗಳನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿ, ಆಗಷ್ಟೇ ಈ ದಡಕ್ಕೆ ಮರಳಿದ್ದ.

"ಊರವರಲ್ಲಪ್ಪಾ, ದೇವರು. ನಾವೆಲ್ಲ ಆತನ ಕುರಿಗಳು" ಎಂದೆ.

"ಹಂಗಾದ್ರ ಕುರಿಯಂಗ ಸುಮ್ಕ ಇರ್ರಿ" ಎಂದವನೇ ಬಗ್ಗಿ, ನನ್ನನ್ನು ಪೆಟ್ಟಿಗೆ ಸಮೇತ ಹೆಗಲಿಗೇರಿಸಿಕೊಂಡು ನೀರಿಗಿಳಿದ. ನಡುನೀರಿನಲ್ಲಿ ನಾನು ಅವನ ಕಿವಿ ಹಿಡಿದುಕೊಂಡು ಕೂಗಾಡಿದೆ.

"ನನ್ನ ಯಾವ ಕುರಿನೂ ಹಿಂಗ ಒದರಂಗಿಲ್ರಿ!" ಎಂದ.

ದಡ ಸೇರಿದ ಮೇಲೆ ದೇವರಿಗೂ ಅವನಿಗೂ ಒಟ್ಟಿಗೇ ಕೈಮುಗಿದೆ. ಪ್ರಾರ್ಥನೆಗೆ ಇಷ್ಟು ಜಲ್ದಿ ಉತ್ತರ ಬಂದದ್ದು, ಅದೂ ಕುರಿ ವಾಸನೆಯೊಂದಿಗೆ ಬಂದದ್ದು, ಅದೇ ಮೊದಲು.

ಬೀರಪ್ಪನ ಮನೆಯೂ ಸಿಡುಬು ಎದ್ದ ಆ ಹಳ್ಳಿಯಲ್ಲೇ ಇತ್ತು. ಮನೆಮಂದಿಗೆಲ್ಲ ತಾನೇ ಮುಂದೆ ನಿಂತು ದೇವಿ ಹಾಕಿಸಿದ. ತನ್ನ ಸರದಿ ಬಂದಾಗ ಮಾತ್ರ, ಹಳ್ಳಕ್ಕೆ ಹೆದರದ ಆ ಆಳು ಸೂಜಿ ನೋಡಿ ಗೋಡೆಯವರೆಗೂ ಹಿಂದೆ ಸರಿದ.

"ಸಾಹೇಬ್ರ, ನನ್ನೂ ಒಂದಿಷ್ಟು ನೋಡ್ಕೋ ಅಂತ ನಿಮ್ಮ ಕುರುಬಗ ಹೇಳ್ರಿ" ಎಂದ.

ನಾನು ಅವನ ತೋಳು ಹಿಡಿದು, ಭಕ್ತಿಯಿಂದ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದೆ.

"ಯಪ್ಪಾ, ನೀವು ಕಣ್ಣು ತಗೀರಿ!" ಬೀರಪ್ಪ ಚೀರಿದ. "ಚುಚ್ಚಾವ್ರು ನೀವ ಅದೀರಿ!"